ಶಿಬಿರದ ಲೆಕ್ಕ ಮತ್ತು ಕಣ್ಣಿನ ಲೆಕ್ಕ

ನೇತ್ರ ಚಿಕಿತ್ಸಾ ಶಿಬಿರಗಳ ವರದಿಯಲ್ಲಿ ಒಂದು ಸಂಖ್ಯೆ ತಪ್ಪದೆ ಇರುತ್ತದೆ: ಇಷ್ಟು ಮಂದಿಗೆ ಉಚಿತ ಶಸ್ತ್ರಚಿಕಿತ್ಸೆ ನಡೆಯಿತು. ಒಂದೂವರೆ ತಿಂಗಳ ಬಳಿಕ ಅವರಲ್ಲಿ ಎಷ್ಟು ಮಂದಿಗೆ ಸರಿಯಾಗಿ ಕಾಣುತ್ತಿದೆ ಎಂಬುದನ್ನು ಮಾತ್ರ ಯಾರೂ ಕೇಳುವುದಿಲ್ಲ. ನಮ್ಮ ಆಕ್ಷೇಪವಿರುವುದು ಇಲ್ಲಿಯೇ.

ಶಿಬಿರಗಳನ್ನು ನಾವು ಹಗುರವಾಗಿ ಕಾಣುವುದಿಲ್ಲ. ಅವಿಭಜಿತ ವಿಜಾಪುರ ಜಿಲ್ಲೆಯ ಬೀಳಗಿಯಲ್ಲಿ 1916ರಲ್ಲಿ ಜನಿಸಿದ ಡಾ. ಎಂ.ಸಿ. ಮೋದಿಯವರು ಹಳ್ಳಿಹಳ್ಳಿಗೆ ಹೋಗಿ ಬಡವರ ಕಣ್ಣಿನ ಪೊರೆ ತೆಗೆದರು. ಒಂದೇ ದಿನ 833 ಶಸ್ತ್ರಚಿಕಿತ್ಸೆ ನಡೆಸಿದ ಅವರ ಹೆಸರು ಗಿನ್ನೆಸ್ ದಾಖಲೆಯನ್ನೂ ಸೇರಿತು. ಆ ಸೇವೆಗೆ ಈ ನಾಡು ಋಣಿಯಾಗಿದೆ. ಆದರೆ ಕಾಲ ಬದಲಾಗಿದೆ, ಅಳತೆಗೋಲೂ ಬದಲಾಗಬೇಕು. 2021ರಲ್ಲಿ ವಿಶ್ವ ಆರೋಗ್ಯ ಸಭೆಯು ಪೊರೆ ಚಿಕಿತ್ಸೆಗೆ ಜಾಗತಿಕ ಗುರಿಯನ್ನು ನಿಗದಿಪಡಿಸಿದಾಗ, ಶಸ್ತ್ರಚಿಕಿತ್ಸೆಯಾದವರನ್ನಲ್ಲ, ಅದರಿಂದ ಉತ್ತಮ ದೃಷ್ಟಿ ಪಡೆದವರನ್ನು ಎಣಿಸಬೇಕೆಂದು ಒಪ್ಪಿಕೊಂಡಿತು.

ಪೊರೆಯ ಶಸ್ತ್ರಚಿಕಿತ್ಸೆ ಬಹುಪಾಲು ಸುರಕ್ಷಿತವೇ. ಅಪಾಯ ವಿರಳ, ಆದರೆ ಬಂದಾಗ ಭೀಕರ. 2019ರ ಜುಲೈ 9ರಂದು ಬೆಂಗಳೂರಿನ ಮಿಂಟೋ ಕಣ್ಣಿನ ಆಸ್ಪತ್ರೆಯಲ್ಲಿ ಪೊರೆಯ ಶಸ್ತ್ರಚಿಕಿತ್ಸೆಗೆ ಒಳಗಾದ 24 ಮಂದಿಯಲ್ಲಿ ಸೋಂಕು ಕಾಣಿಸಿ, ಹಲವರು ದೃಷ್ಟಿ ಕಳೆದುಕೊಂಡರು. ಶಸ್ತ್ರಚಿಕಿತ್ಸೆಯಲ್ಲಿ ಬಳಸಿದ ಔಷಧದ ಮೇಲೆ ಸಂಶಯ ಮೂಡಿತು. ನವೆಂಬರ್‌ನಲ್ಲಿ ಪ್ರತಿಭಟನೆ, ವೈದ್ಯರ ಮೇಲೆ ಹಲ್ಲೆ, ವೈದ್ಯರ ಮುಷ್ಕರ ನಡೆದು ಚರ್ಚೆಯೇ ದಿಕ್ಕು ತಪ್ಪಿತು. ಕಣ್ಣು ಕಳೆದುಕೊಂಡವರ ನೋವು ಗದ್ದಲದಲ್ಲಿ ಮುಳುಗಿತು.

ರಾಜಧಾನಿಯ ದೊಡ್ಡ ಆಸ್ಪತ್ರೆಯಲ್ಲಿಯೇ ಹೀಗಾಗಬಹುದಾದರೆ, ಮಮದಾಪುರದಂಥ ಊರಿನಿಂದ ವಿಜಯಪುರಕ್ಕೆ ಬಂದು ಮರುದಿನವೇ ಮರಳುವ ವೃದ್ಧೆಯ ಗತಿಯೇನು? ನೋವು, ಕೆಂಪು, ಕೀವು, ಕುಗ್ಗುವ ದೃಷ್ಟಿ ಇವೆಲ್ಲ ಸೋಂಕಿನ ಸೂಚನೆಗಳು. ಅದೇ ದಿನ ವೈದ್ಯರನ್ನು ಕಾಣಬೇಕು. "ಎರಡು ದಿನ ನೋಡೋಣ" ಎನ್ನುವಷ್ಟರಲ್ಲಿ ಕಣ್ಣೇ ಹೋಗಬಹುದು. ಬಸ್ಸಿನ ಖರ್ಚಿಗೆ ಅಂಜಿ, ಮಗನ ಬಿಡುವಿಗೆ ಕಾದು ಕುಳಿತವರ ಮನೆಯಲ್ಲಿ ಆ ದಿನಗಳು ಕಳೆದುಹೋಗುತ್ತವೆ.

ಲೇಸರ್ ಕುರಿತಾದ ತಪ್ಪುಕಲ್ಪನೆಯೂ ಕಡಿಮೆಯಿಲ್ಲ. ಪೊರೆ ತೆಗೆದ ಕೆಲವು ತಿಂಗಳು ಅಥವಾ ವರ್ಷಗಳ ಬಳಿಕ ಮಸೂರದ ಹಿಂದಿನ ತೆಳುಪದರ ಮಸುಕಾದರೆ, ಲೇಸರ್ ಅದನ್ನು ನಿಮಿಷಗಳಲ್ಲಿ ಸರಿಪಡಿಸುತ್ತದೆ. ಇದನ್ನರಿಯದೆ "ಆಪರೇಷನ್ ಕೆಟ್ಟಿತು" ಎಂದು ಮನೆಯಲ್ಲೇ ಉಳಿಯುವವರಿದ್ದಾರೆ. ಸಕ್ಕರೆ ಕಾಯಿಲೆಯಿಂದ ಅಕ್ಷಿಪಟಲ ಹಾಳಾದವರ ಸ್ಥಿತಿ ಬೇರೆ. ಅಲ್ಲಿ ಲೇಸರ್ ಉಳಿದ ದೃಷ್ಟಿಯನ್ನು ಕಾಪಾಡುತ್ತದೆಯೇ ಹೊರತು ಕಳೆದುದನ್ನು ಸಾಮಾನ್ಯವಾಗಿ ಮರಳಿಸುವುದಿಲ್ಲ. ಅಂಚಿನ ನೋಟ, ಇರುಳಿನ ನೋಟ ತುಸು ಕುಗ್ಗಲೂಬಹುದು. ಇದನ್ನು ಚಿಕಿತ್ಸೆಗೆ ಮೊದಲೇ ತಿಳಿಸುವುದು ವೈದ್ಯರ ಕರ್ತವ್ಯ, ಕೇಳಿ ತಿಳಿಯುವುದು ಕುಟುಂಬದ ಹಕ್ಕು.

ನಮ್ಮ ಮನೆಗಳಲ್ಲಿ ಇನ್ನೊಂದು ತೊಡಕಿದೆ. ಕಣ್ಣಿಗೆ ನೀರು ತಾಗಿಸಬೇಡಿ, ಕೆಲವು ದಿನ ತಲೆ ಬಗ್ಗಿಸಬೇಡಿ ಎಂದು ವೈದ್ಯರು ಹೇಳಿದರೂ, ನಮಾಝ್‌ಗೆ ಕುಂದಾಗುತ್ತದೆಂದು ಹಿರಿಯರು ಎಂದಿನಂತೆಯೇ ವುಝೂ, ಸುಜೂದ್ ಮಾಡುತ್ತಾರೆ. ರೋಗಿಗೆ ತಯಮ್ಮುಮ್‌ನ ಸೌಲಭ್ಯವನ್ನೂ ಸನ್ನೆಯಿಂದ ನಮಾಝ್ ನಿರ್ವಹಿಸುವ ಅನುಮತಿಯನ್ನೂ ಶರೀಅತ್ ನೀಡಿದೆ. ಈ ವಿಚಾರವನ್ನು ಇಮಾಮರು ಮಿಂಬರ್‌ನಿಂದ ಒಮ್ಮೆ ವಿವರಿಸಿದರೆ ಎಷ್ಟೋ ಕಣ್ಣುಗಳು ಉಳಿದಾವು.

ಮಮದಾಪುರದಲ್ಲಿ ಆದಿಲ್‌ಶಾಹಿ ಕಾಲದ ಕೆರೆಯಿದೆ. ಕೆರೆ ಕಟ್ಟಿಸಿದರಷ್ಟೇ ಸಾಲದು, ಏರಿಯನ್ನೂ ಕಾಯಬೇಕೆಂದು ಅಲ್ಲಿನ ರೈತನಿಗೆ ಯಾರೂ ಕಲಿಸಬೇಕಾಗಿಲ್ಲ. ಶಿಬಿರ ನಡೆಸುವ ಜಮಾಅತ್‌ಗಳೂ ಸಂಘಟನೆಗಳೂ ಅದನ್ನೇ ಪಾಲಿಸಲಿ. ಪ್ರತಿ ರೋಗಿಯ ಹೆಸರು ಬರೆದಿಟ್ಟುಕೊಳ್ಳಲಿ. ಮರುದಿನ, ವಾರದ ಬಳಿಕ ಮತ್ತು ತಿಂಗಳ ಬಳಿಕ ತಪಾಸಣೆಗೆ ಕರೆದೊಯ್ಯಲು ಒಬ್ಬ ಯುವಕನನ್ನು ನೇಮಿಸಲಿ. ವಾಹನದ ವೆಚ್ಚವನ್ನು ಶಿಬಿರದ ಖರ್ಚಿನಲ್ಲೇ ಸೇರಿಸಲಿ. ವೇದಿಕೆ, ಶಾಲು, ಹಾರಗಳ ಖರ್ಚನ್ನು ಉಳಿಸಿದರೆ ಇದು ಕಷ್ಟವೇನಲ್ಲ. ಅನಂತರ ಪ್ರಕಟವಾಗುವ ವರದಿಯಲ್ಲಿ, ಎಷ್ಟು ಮಂದಿಗೆ ಕಾಣುತ್ತಿದೆ ಎಂಬ ಸಂಖ್ಯೆಯೇ ಮೊದಲ ಸಾಲಿನಲ್ಲಿರಲಿ.