ನಲ್ಲಿ ಮುಟ್ಟಿದರೆ ಜುಮ್ಮೆನ್ನುತ್ತಿದೆಯೇ? ವರದಿ ತೆಗೆಸಿ, ರಿಪೇರಿ ಮುಗಿಸಿ!

ಬೆಂಗಳೂರಿನ ಬಾಡಿಗೆ ಮನೆ, ಪಿ.ಜಿ., ಅಂಗಡಿ ಮಳಿಗೆಗಳ ಮಾಲೀಕರಲ್ಲಿ ಮನವಿ



"ಅಂಕಲ್, ಗೀಸರ್ ಹಾಕಿದಾಗ ನಲ್ಲಿ ಮುಟ್ಟಿದ್ರೆ ಜುಮ್ ಅನ್ನುತ್ತೆ."

"ಚಪ್ಪಲಿ ಹಾಕ್ಕೊಂಡು ಸ್ನಾನ ಮಾಡಮ್ಮ. ಹತ್ತು ವರ್ಷದಿಂದ ಯಾರಿಗೂ ಏನೂ ಆಗಿಲ್ಲ."

ಈ ಮಾತು ಕೇಳದ ಬಡಾವಣೆ ಯಾವುದಿದೆ ಹೇಳಿ? ಜುಮ್ಮೆಂದರೆ ಸಾಮಾನ್ಯವಾಗಿ ಗೀಸರಿನ ಕಾಯಿಲ್ ಕೆಟ್ಟು ಕರೆಂಟ್ ನೀರಿಗಿಳಿದಿದೆ ಎಂದರ್ಥ. ಅದನ್ನು ಭೂಮಿಗೆ ಒಯ್ಯಬೇಕಾದ ಅರ್ಥ್ ವೈರ್ ಎಲ್ಲೋ ಬಿಟ್ಟುಹೋಗಿದೆ. ಇನ್ನು ಆ ಕರೆಂಟಿಗೆ ಉಳಿದಿರುವ ದಾರಿ ಒದ್ದೆ ಮೈಯೊಂದೇ. ಚಪ್ಪಲಿ ಎಷ್ಟು ದಿನ ಕಾದೀತು?

ನಿಮ್ಮ ಕಟ್ಟಡದ ಮೆಟ್ಟಿಲ ಕೆಳಗೆ ಒಮ್ಮೆ ಬಗ್ಗಿ ನೋಡಿ. ಸಾಲಾಗಿ ನಾಲ್ಕು ಮೀಟರ್. ಪಕ್ಕದಲ್ಲಿ ಪೊರಕೆ, ಪೇಂಟ್ ಡಬ್ಬ, ಹಳೆಯ ಪೇಪರ್ ಕಟ್ಟು. ಫ್ಯೂಸಿನಲ್ಲಿ ಸಣ್ಣ ತಂತಿಯ ಜಾಗಕ್ಕೆ ದಪ್ಪ ತಾಮ್ರದ ತಂತಿ. 16 ಆಂಪಿಯರ್ ಎಂಸಿಬಿ ಪದೇ ಪದೇ ಬೀಳುತ್ತದೆಂದು ಯಾರೋ 32 ಹಾಕಿ ಹೋಗಿದ್ದಾರೆ. ಈಗ ಎಂಸಿಬಿ ಬೀಳುವುದಿಲ್ಲ ನಿಜ, ಗೋಡೆಯೊಳಗಿನ ವೈರ್ ಬೇಯುತ್ತಿದೆ. ಗೇಟಿನ ಹತ್ತಿರ ಇದ್ದ ಅರ್ಥ್ ಪಿಟ್ ಪಾರ್ಕಿಂಗ್ ಟೈಲ್ಸ್ ಅಡಿಯಲ್ಲಿ ಮುಚ್ಚಿಹೋಗಿದೆ.

ವೈರಿಂಗ್ ಪರಿಶೀಲನೆ ಮಾಡಿಸಿ ವರದಿ ಪಡೆದ ಮಾಲೀಕರೂ ನಮ್ಮಲ್ಲಿದ್ದಾರೆ. ಆದರೆ ಆ ವರದಿ ಈಗ ಎಲ್ಲಿದೆ? ಖಾತಾ ಪತ್ರ, ಕಂದಾಯ ರಸೀದಿಗಳ ಜೊತೆ ಬೀರುವಿನಲ್ಲಿ! "ಅರ್ಥ್ ಇಲ್ಲ" ಎಂದು ಬರೆದ ಕಾಗದವನ್ನು ಬೀರುವಿನಲ್ಲಿಟ್ಟರೆ ಅರ್ಥ್ ಬಂದೀತೇ? ವರದಿ ಕೈಗೆ ಬಂದ ದಿನವೇ "ನನಗೆ ಗೊತ್ತಿರಲಿಲ್ಲ" ಎನ್ನುವ ನೆಪ ಮುಗಿಯಿತು. ಓದಿಯೂ ರಿಪೇರಿ ಮಾಡಿಸದ ಮಾಲೀಕರ ಹೊಣೆ, ವರದಿಯನ್ನೇ ತೆಗೆಸದವರ ಹೊಣೆಗಿಂತ ದೊಡ್ಡದು.

ನಿಯಮ ಏನು ಹೇಳುತ್ತದೆ?

ಸಂಪರ್ಕ ಪಡೆದ ಕಟ್ಟಡದ ವೈರಿಂಗನ್ನು ಐದು ವರ್ಷಕ್ಕೊಮ್ಮೆಯಾದರೂ ಪರಿಶೀಲಿಸಿ ಪರೀಕ್ಷಿಸಬೇಕೆಂದು ಕೇಂದ್ರ ವಿದ್ಯುತ್ ಪ್ರಾಧಿಕಾರದ ಸುರಕ್ಷತಾ ನಿಯಮಗಳಲ್ಲಿದೆ. ಬಲ್ಬು, ಫ್ಯಾನು, ಸ್ವಿಚ್ಚು ಬದಲಿಸುವಂಥ ಸಣ್ಣ ಕೆಲಸ ಬಿಟ್ಟರೆ, ವೈರಿಂಗ್ ರಿಪೇರಿಯನ್ನು ಪರವಾನಗಿ ಇರುವ ವಿದ್ಯುತ್ ಗುತ್ತಿಗೆದಾರರಿಂದಲೇ ಮಾಡಿಸಬೇಕು. ಆ ಪರವಾನಗಿ ಕೊಡುವುದು ರಾಜ್ಯದ ವಿದ್ಯುತ್ ಪರಿವೀಕ್ಷಣಾಲಯ. ಕಂಬದಿಂದ ಮೀಟರಿನವರೆಗಿನ ದೂರಿಗೆ ಬೆಸ್ಕಾಂ ಸಹಾಯವಾಣಿ 1912 ಇದೆ. ಮೀಟರಿನಿಂದ ಒಳಗಿನದು ಮಾಲೀಕರಾದ ನಿಮ್ಮದೇ.

ಆದ್ದರಿಂದ ಇಷ್ಟು ಮಾಡಿ:

1. ಪರಿಶೀಲನೆಗೆ ಬಂದವರು ಟೆಸ್ಟರ್ ಹಿಡಿದು ನಾಲ್ಕು ಸ್ವಿಚ್ ನೋಡಿ ಹೊರಟರೆ ಒಪ್ಪಬೇಡಿ. 500 ವೋಲ್ಟ್ ಮೆಗ್ಗರಿನಲ್ಲಿ ವೈರಿನ ಇನ್ಸುಲೇಷನ್ ಅಳೆಸಿ. 1 ಮೆಗಾಓಮ್‌ಗಿಂತ ಕಡಿಮೆ ಬಂದರೆ ಎಲ್ಲೋ ಸೋರಿಕೆ ಇದೆ. ಅರ್ಥಿಂಗನ್ನು ಬೇಸಿಗೆಯಲ್ಲಿ ಅಳೆಸಿ, ಮಳೆಗಾಲದ ಒದ್ದೆ ಮಣ್ಣಿನಲ್ಲಿ ಕೆಟ್ಟ ಅರ್ಥ್ ಕೂಡ ಚೆನ್ನಾಗಿದೆ ಎನಿಸುತ್ತದೆ. ಅಂಕಿಗಳನ್ನು ಮನೆವಾರು ಬರೆಸಿ ಸಹಿ ಪಡೆಯಿರಿ. "ಎಲ್ಲಾ ಸರಿ ಇದೆ" ಎಂಬ ಒಂದು ಸಾಲು ವರದಿಯಲ್ಲ.

2. ವರದಿಯ ಪ್ರತಿ ದೋಷದ ಮುಂದೆ ಗಡುವು ಹಾಕಿ. ಶಾಕ್ ಹೊಡೆಯುವುದು, ಅರ್ಥ್ ಇಲ್ಲದ ಗೀಸರ್, ಕರಕಲಾದ ಪ್ಲಗ್, ಬರಿ ತಂತಿ: ಇವನ್ನು ಇಂದೇ ಬಂದ್ ಮಾಡಿ, ರಿಪೇರಿ ಆಗುವವರೆಗೆ ಬಳಸಲು ಬಿಡಬೇಡಿ. ವೈರಿಗೆ ಹೊಂದದ ಎಂಸಿಬಿ, ಮುಚ್ಚಿಹೋದ ಅರ್ಥ್ ಪಿಟ್: ಈ ತಿಂಗಳೊಳಗೆ. ಸವೆದ ಹಳೆಯ ವೈರ್ ಪೂರ್ತಿ ಬದಲಿಸುವ ಕೆಲಸ: ಮನೆ ಖಾಲಿಯಾದಾಗ, ಹೊಸಬರಿಗೆ ಕೀಲಿ ಕೊಡುವ ಮೊದಲು.

3. ಸೋರಿಕೆ ಕಂಡೊಡನೆ ಕರೆಂಟ್ ಕಡಿಯುವ ಆರ್‌ಸಿಸಿಬಿ ಹಾಕಿಸಿ. ಎಂಸಿಬಿ ಕಾಪಾಡುವುದು ವೈರನ್ನು, ಆರ್‌ಸಿಸಿಬಿ ಕಾಪಾಡುವುದು ಮನುಷ್ಯನನ್ನು. ಮನೆಗೆ 30 ಮಿಲಿಆಂಪಿಯರಿನದೇ ಆಗಬೇಕು. ಅದರ ಮೇಲಿನ 'ಟಿ' ಬಟನ್ ಆಗಾಗ ಒತ್ತಿ ನೋಡಿ, ಒತ್ತಿದರೂ ಬೀಳದಿದ್ದರೆ ಬದಲಿಸಿ. ಮಳೆ ಬಂದಾಗ ಬೀಳುತ್ತದೆಂದು ಕಿತ್ತು ನೇರ ಜೋಡಿಸಬೇಡಿ. ಬೀಳುತ್ತಿದೆ ಎಂದರೆ ಸೋರಿಕೆಯನ್ನು ಹಿಡಿದು ತೋರಿಸುತ್ತಿದೆ.

4. ಗೀಸರಿಗೆ ಅಡ್ಡದಾರಿ ಬೇಡ. 2000 ವಾಟಿನ ಗೀಸರ್ ಒಂಬತ್ತು ಆಂಪಿಯರಿನ ಹತ್ತಿರ ಎಳೆಯುತ್ತದೆ. ಅದಕ್ಕೆ 16 ಆಂಪಿಯರಿನ ಸಾಕೆಟ್, ತಕ್ಕ ವೈರ್, ಅರ್ಥ್ ಮೂರೂ ಬೇಕು. 6 ಆಂಪಿಯರ್ ಸಾಕೆಟ್ಟಿಗೆ ಮಲ್ಟಿಪ್ಲಗ್ ಸಿಕ್ಕಿಸಿ ಕೊಡಬೇಡಿ.

5. ರಿಪೇರಿ ಆದ ಮೇಲೆ ಮತ್ತೆ ಅಳೆಸಿ. ಮೊದಲ ವರದಿ, ರಿಪೇರಿ ಬಿಲ್ಲು, ಎರಡನೇ ಅಳತೆ ಮೂರನ್ನೂ ಒಟ್ಟಿಗೆ ಇಡಿ. ಒಂದು ಪ್ರತಿಯನ್ನು ಬಾಡಿಗೆ ಕರಾರಿನ ಜೊತೆ ಬಾಡಿಗೆದಾರರಿಗೆ ಕೊಡಿ.

ಬಾಡಿಗೆದಾರ ಬಂಧುಗಳೇ, ಮನೆ ನೋಡಲು ಹೋದಾಗ ನೀರು ಬರುತ್ತದಾ, ಪಾರ್ಕಿಂಗ್ ಇದೆಯಾ ಎಂದು ಕೇಳುತ್ತೀರಿ. ಜೊತೆಗೆ "ವೈರಿಂಗ್ ವರದಿ ತೋರಿಸಿ" ಎಂದೂ ಕೇಳಿ. ಶಾಕ್ ಹೊಡೆದರೆ ಫೋನಿನಲ್ಲಿ ಹೇಳಿ ಸುಮ್ಮನಾಗಬೇಡಿ. ತಾರೀಖು ಹಾಕಿ ಮೆಸೇಜು ಮಾಡಿ. ಮೇನ್ ಸ್ವಿಚ್ ಎಲ್ಲಿದೆಯೆಂದು ಮನೆಯ ಮಕ್ಕಳಿಗೂ ತೋರಿಸಿಡಿ.

ಮಾಲೀಕರೇ, ಖರ್ಚಿನ ಮಾತು ನಮಗೂ ಗೊತ್ತು. ಆದರೆ ಮನೆ ಖಾಲಿಯಾದಾಗಲೆಲ್ಲ ಪೇಂಟಿಂಗ್ ಎಂದು ಒಂದು ತಿಂಗಳ ಬಾಡಿಗೆಯನ್ನು ಅಡ್ವಾನ್ಸಿನಲ್ಲಿ ಹಿಡಿಯುವುದು ನಮ್ಮೂರ ರೂಢಿ. ಗೋಡೆಯ ಬಣ್ಣಕ್ಕೆ ಇಷ್ಟು ಲೆಕ್ಕ ಇಡುವ ನಾವು, ಗೋಡೆಯೊಳಗಿನ ವೈರಿಗೆ ಕೊನೆಯ ಸಲ ಖರ್ಚು ಮಾಡಿದ್ದು ಯಾವಾಗ?

ಈ ಭಾನುವಾರವೇ ಬೀರು ತೆಗೆದು ಹಳೆಯ ವರದಿ ಹುಡುಕಿ. ಸಿಕ್ಕರೆ, ಬಾಕಿ ಉಳಿದ ದೋಷಗಳಿಗೆ ಗಡುವು ಬರೆಯಿರಿ. ಸಿಗದಿದ್ದರೆ ಸೋಮವಾರ ಪರವಾನಗಿ ಇರುವ ಗುತ್ತಿಗೆದಾರರನ್ನು ಕರೆಸಿ. ಅಲ್ಲಿಯವರೆಗೆ, ಜುಮ್ಮೆನ್ನುವ ಗೀಸರ್ ಬಂದ್ ಇರಲಿ.

ಓದಿದ ಮೇಲೆ ಈ ಕರಪತ್ರವನ್ನು ಪಕ್ಕದ ಮನೆಗೆ ಕೊಡಿ.

ಇಂತಿ,
ಬಡಾವಣೆಯ ನಿವಾಸಿಗಳು