ವಿದ್ಯುತ್ ದರವೂ ಎಮ್ಮೆಯ ಬೆಲೆಯೂ

ಮಾಂಸದ ಬೆಲೆ ಏರಿತೆಂಬ ದೂರು ನಮ್ಮ ಮನೆಗಳಲ್ಲಿ ಕೇಳಿಬರುವುದು ಹೆಚ್ಚಾಗಿ ಹಬ್ಬದ ಮುನ್ನಾದಿನಗಳಲ್ಲಿ. ಅಂಗಡಿಯವನನ್ನು ನಾಲ್ಕು ಮಾತು ಆಡಿ ಸುಮ್ಮನಾಗುತ್ತೇವೆ. ಆದರೆ ಆ ಬೆಲೆಯ ಮೂಲವನ್ನು ಹುಡುಕುತ್ತ ಹೊರಟರೆ ದಾರಿಯು ಅರಭಾವಿಯಂತಹ ಊರಿನ ಎಮ್ಮೆಯ ಕೊಟ್ಟಿಗೆಗೂ, ಅಲ್ಲಿಂದ ವಿದ್ಯುತ್ ಕಂಬಕ್ಕೂ ಕರೆದೊಯ್ಯುತ್ತದೆ.

2021ರಲ್ಲಿ ಜಾರಿಗೆ ಬಂದ ಜಾನುವಾರು ಹತ್ಯೆ ಪ್ರತಿಬಂಧಕ ಕಾಯ್ದೆಯು ಆಕಳು, ಎತ್ತು, ಹೋರಿ, ಕರುಗಳ ವಧೆಯನ್ನು ಪೂರ್ಣವಾಗಿ ನಿಷೇಧಿಸಿದೆ. 13 ವರ್ಷ ದಾಟಿದ ಎಮ್ಮೆ–ಕೋಣಗಳಿಗೆ ಮಾತ್ರ, ಅದೂ ಅಧಿಕಾರಿಯ ಪ್ರಮಾಣಪತ್ರವಿದ್ದಲ್ಲಿ, ವಿನಾಯಿತಿ ಇದೆ. ಆದುದರಿಂದ ನಮ್ಮ ರಾಜ್ಯದಲ್ಲಿ ಮಾಂಸದ ಉದ್ಯಮವೆಂಬುದು ಹೈನುಗಾರಿಕೆಯ ಬಾಲವೇ ಸರಿ. ಎಮ್ಮೆಯನ್ನು ಅಷ್ಟು ವರ್ಷ ಸಾಕಲು ತಗಲುವ ಖರ್ಚು ಯಾವುದೋ ಅದೇ ಕೊನೆಗೆ ತಕ್ಕಡಿಯ ಮೇಲೆಯೂ ಕೂರುತ್ತದೆ.

ಗೋಕಾಕ, ಮೂಡಲಗಿ, ಹುಕ್ಕೇರಿ ತಾಲೂಕುಗಳಿಗೆ ವಿದ್ಯುತ್ ಹೊಸದಲ್ಲ. 1887ರಲ್ಲಿ ಆರಂಭವಾದ ಗೋಕಾಕ ಗಿರಣಿಯು ಜಲಪಾತದ ಬಲದಿಂದಲೇ ನಡೆಯಿತು. ಹುಕ್ಕೇರಿಯಲ್ಲಂತೂ 1969ರಲ್ಲಿ ಸ್ಥಾಪಿತವಾದ ಗ್ರಾಮೀಣ ವಿದ್ಯುತ್ ಸಹಕಾರ ಸಂಘವೇ ಇದೆ. ಕರ್ನಾಟಕದಲ್ಲಿ ಅಂತಹದು ಇನ್ನೊಂದಿಲ್ಲ. ಆದರೆ ಸಹಕಾರಿಯಾದ ಮಾತ್ರಕ್ಕೆ ದರವು ಊರವರ ಕೈಯಲ್ಲಿಲ್ಲ. ಅದನ್ನು ಗೊತ್ತುಪಡಿಸುವುದು ಬೆಂಗಳೂರಿನ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ.

2023ರ ಮೇ ತಿಂಗಳಲ್ಲಿ ಆ ಆಯೋಗವು ಯೂನಿಟ್ಟಿಗೆ ಸರಾಸರಿ 70 ಪೈಸೆ ಏರಿಸಿ, ಏಪ್ರಿಲಿನಿಂದಲೇ ಅನ್ವಯಿಸಿತು. ಬಾಕಿ ಸೇರಿದ ಜೂನ್ ಬಿಲ್ಲು ಕಂಡು ವ್ಯಾಪಾರಸ್ಥರು ಬೆಚ್ಚಿದರು. ಜೂನ್ 22ರಂದು ಹುಬ್ಬಳ್ಳಿಯ ವಾಣಿಜ್ಯೋದ್ಯಮ ಸಂಸ್ಥೆ ಬಂದ್‌ಗೆ ಕರೆಕೊಟ್ಟಿತು. 2024ರಲ್ಲಿ ಕೆಲವು ವರ್ಗಗಳಿಗೆ ದರ ಇಳಿಯಿತು, ನಿಜ. 2025ರ ಏಪ್ರಿಲಿನಿಂದ ನೌಕರರ ಪಿಂಚಣಿಯ ಬಾಬ್ತು ಯೂನಿಟ್ಟಿಗೆ 36 ಪೈಸೆ ಮತ್ತೆ ಸೇರಿತು.

ರೈತನಿಗೆ ಇದರ ಬಿಸಿ ನೇರವಾಗಿ ತಟ್ಟುವುದಿಲ್ಲ. 10 ಅಶ್ವಶಕ್ತಿಯವರೆಗಿನ ಪಂಪ್‌ಸೆಟ್ಟಿಗೆ ವಿದ್ಯುತ್ ಉಚಿತ. ಮನೆಗೂ 'ಗೃಹಜ್ಯೋತಿ' ಇದೆ. ಅವನಿಗೆ ದುಬಾರಿಯಾಗುವುದು ವಿದ್ಯುತ್ತಿನ ದರವಲ್ಲ, ಅದರ ಅಭಾವ. 2023ರ ಬರಗಾಲದಲ್ಲಿ ಪಂಪ್‌ಸೆಟ್ಟುಗಳಿಗೆ ದಿನಕ್ಕೆ 5 ಗಂಟೆ ಮಾತ್ರ ವಿದ್ಯುತ್ತೆಂದು ಸರಕಾರ ಹೇಳಿತು. ರೈತರ ಕೂಗೆದ್ದ ಮೇಲೆ 7 ಗಂಟೆಗೆ ಏರಿಸಿತು. ಇರುವ ನೀರನ್ನು ಕಬ್ಬಿಗೆ ಹಾಯಿಸುವುದೋ ಹಸಿಮೇವಿಗೋ? ಕಬ್ಬಿಗೆ ಕಾರ್ಖಾನೆಯ ಹಣವಿದೆ, ಮೇವಿಗೆ ಎಮ್ಮೆಯ ಬಾಯಿ ಮಾತ್ರ. ಮೇವು ಕೊಂಡು ಹಾಕಲಾರದವನು ಹಾಲು ಕೊಡುವ ಎಮ್ಮೆಯನ್ನೇ ಸಂತೆಗೆ ಹೊಡೆಯುತ್ತಾನೆ. ಎಲ್ಲರೂ ಒಮ್ಮೆಗೇ ಹೊಡೆದರೆ ಬೆಲೆ ಬೀಳುತ್ತದೆ. ಮರುವರ್ಷ ಕೊಟ್ಟಿಗೆ ಬರಿದಾಗಿ ಬೆಲೆ ನೆಗೆಯುತ್ತದೆ.

ಹಾಲು ಕೊಟ್ಟಿಗೆ ದಾಟಿದ ಕೂಡಲೇ ಉಚಿತ ವಿದ್ಯುತ್ತಿನ ಸೀಮೆ ಮುಗಿಯಿತು. ಕರೆದ ಹಾಲನ್ನು ಬೇಗನೆ 4 ಡಿಗ್ರಿಗೆ ತಂಪುಗೊಳಿಸದಿದ್ದರೆ ಕೆಡುತ್ತದೆ. ಶೀತಲೀಕರಣ ಘಟಕ ಹಗಲಿರುಳು ನಡೆಯಬೇಕು, ಕರೆಂಟು ಹೋದರೆ ಡೀಸೆಲ್ ಉರಿಸಬೇಕು. 2025ರ ಏಪ್ರಿಲಿನಲ್ಲಿ ನಂದಿನಿ ಹಾಲಿಗೆ 4 ರೂಪಾಯಿ ಏರಿಸಿ, ಅದು ರೈತನಿಗೇ ಸೇರುವುದೆಂದರು. ಸೇರಲಿ. ಆದರೆ ಘಟಕದ ಬಿಲ್ಲು ಏರುತ್ತ ಹೋದರೆ ಸಂಘದ ಲಾಭಾಂಶದಲ್ಲಿ ರೈತನಿಗೆ ಉಳಿಯುವುದೆಷ್ಟು?

ಇನ್ನು ಮಾಂಸದ ಅಂಗಡಿ. ಮಾಂಸವನ್ನು ದೀರ್ಘಕಾಲ ಕೆಡದಂತೆ ಇಡಲು ಶೂನ್ಯಕ್ಕಿಂತ 18 ಡಿಗ್ರಿ ಕೆಳಗಿನ ಶೈತ್ಯ ಬೇಕು. ರಫ್ತು ಮಾಡುವ ದೊಡ್ಡ ಕಾರ್ಖಾನೆಗೆ ಅದು ಸಾಧ್ಯ. ಟನ್ನುಗಟ್ಟಲೆ ಸರಕಿನ ಮೇಲೆ ಖರ್ಚು ಹಂಚಿಹೋಗುತ್ತದೆ. ಚಿಕ್ಕ ಅಂಗಡಿಯವನು ವಾಣಿಜ್ಯ ದರ ತೆತ್ತು ಒಂದು ಪೆಟ್ಟಿಗೆ ನಡೆಸಬೇಕು, ಇಲ್ಲವೇ ಮಧ್ಯಾಹ್ನದೊಳಗೆ ಬಂದ ಬೆಲೆಗೆ ಮಾರಿ ಮುಗಿಸಬೇಕು. ಪ್ರಮಾಣಪತ್ರವುಳ್ಳ ಎಮ್ಮೆ ದಿನವೂ ಸಿಗದು. ಸಿಕ್ಕ ದಿನದ ಮಾಂಸವನ್ನು ಉಳಿಸಿಕೊಳ್ಳಲೂ ಆಗದು. ಈ ಎರಡರ ನಡುವೆ ಸಿಕ್ಕಿದವನನ್ನೇ ನಾವು ಹಬ್ಬದ ಬೆಳಿಗ್ಗೆ ದುಬಾರಿಯವನೆಂದು ಬೈಯುವುದು.

ಉಚಿತ ವಿದ್ಯುತ್ ಬೇಡವೆನ್ನುವುದು ನನ್ನ ವಾದವಲ್ಲ. ಆದರೆ ಎಮ್ಮೆಯ ಮೇವಿಗೆ ರಿಯಾಯಿತಿ ಕೊಟ್ಟು, ಅದರ ಹಾಲು–ಮಾಂಸಗಳನ್ನು ಕೆಡದಂತೆ ಕಾಯುವ ತಂಪು ಪೆಟ್ಟಿಗೆಯನ್ನು ವೈಭೋಗವೆಂಬಂತೆ ಕಾಣುವುದು ವಿಚಿತ್ರ ಲೆಕ್ಕಾಚಾರ. ಗ್ರಾಮದ ಹಾಲಿನ ಘಟಕಗಳಿಗೂ ಚಿಕ್ಕ ಮಾಂಸದಂಗಡಿಗಳಿಗೂ ಪ್ರತ್ಯೇಕ ದರವರ್ಗ ಬೇಕು. ದರ ನಿಗದಿಗೆ ಮುನ್ನ ಆಯೋಗವು ಆಕ್ಷೇಪಣೆಗಳನ್ನು ಆಹ್ವಾನಿಸಿ ಬಹಿರಂಗ ವಿಚಾರಣೆ ನಡೆಸುತ್ತದೆ. ಕೈಗಾರಿಕೆಗಳ ಪರವಾಗಿ ಕಡತ ಹಿಡಿದವರು ಅಲ್ಲಿಗೆ ಬರುತ್ತಾರೆ. ಹಾಲಿನ ಸಂಘದ ಕಾರ್ಯದರ್ಶಿಯೂ ಮಾಂಸದಂಗಡಿಯವನೂ ಮುಂದಿನ ವಿಚಾರಣೆಗೆ ತಮ್ಮ ಹನ್ನೆರಡು ತಿಂಗಳ ಬಿಲ್ಲುಗಳನ್ನು ಕಟ್ಟಿಕೊಂಡು ಹೋಗಬಾರದೇಕೆ?