ಇಕಾಮದಲ್ಲಿ ಏನು ಬರೆದಿದೆ?

ಮಗ ಎಲ್ಲಿದ್ದಾನೆ ಎಂದು ಕೇಳಿದರೆ ನಮ್ಮ ಮನೆಗಳಲ್ಲಿ ಉತ್ತರಕ್ಕೆ ತಡವಿಲ್ಲ. ದಮ್ಮಾಮ್, ಜಿದ್ದಾ, ರಿಯಾದ್. ಏನು ಕೆಲಸ ಎಂದರೆ ಅದಕ್ಕೂ ಉತ್ತರವಿದೆ: ಬಕಾಲಾದಲ್ಲಿ, ಬೂಫಿಯಾದಲ್ಲಿ, ಎಸಿ ರಿಪೇರಿ. ಆದರೆ ಅವನ ಇಕಾಮದಲ್ಲಿ ಯಾವ ಕೆಲಸ ಅಂತ ಬರೆದಿದೆ ಎಂದು ಕೇಳಿ ನೋಡಿ. ಬಾಪನಿಗೆ ಗೊತ್ತಿಲ್ಲ, ಉಮ್ಮನಿಗೆ ಗೊತ್ತಿಲ್ಲ, ಎಷ್ಟೋ ಮನೆಗಳಲ್ಲಿ ಹೆಂಡತಿಗೂ ಗೊತ್ತಿಲ್ಲ. ‘ಫ್ರೀ ವೀಸಾ’ ಅಂತಾರೆ, ಮಾತು ಅಲ್ಲಿಗೆ ಮುಗಿಯುತ್ತದೆ.

ಸೌದಿಯಲ್ಲಿ ಕಫಾಲಾ ಪದ್ಧತಿ ಹೋಯ್ತಂತೆ, ಇನ್ನು ಕಫೀಲನ ಕಾಟ ಇಲ್ಲವಂತೆ ಎಂಬ ಮೆಸೇಜು ಆಗಾಗ ವಾಟ್ಸ್‌ಆ್ಯಪ್‌ನಲ್ಲಿ ಸುತ್ತುತ್ತದೆ. ಇದರಲ್ಲಿ ಅರ್ಧ ನಿಜವಿದೆ. ಉಳಿದರ್ಧ ಗೊತ್ತಿಲ್ಲದೆ ಕೆಲಸ ಬಿಟ್ಟು ಹೊರಬಿದ್ದವನು ನೇರ ತರ್ಹೀಲ್‌ಗೆ ಹೋಗಿ ಕೂರಬೇಕಾಗುತ್ತದೆ.

ನಿಜವಾದ ಅರ್ಧ ಇದು. 2021ರ ಮಾರ್ಚ್ 14ರಿಂದ ಸೌದಿಯ ಖಾಸಗಿ ಕಂಪೆನಿಗಳ ವಿದೇಶಿ ಕೆಲಸಗಾರರಿಗೆ ಹೊಸ ನಿಯಮ ಬಂತು. ಒಂದೇ ಕಡೆ ಒಂದು ವರ್ಷ ದುಡಿದವನು ನೋಟಿಸ್ ಕೊಟ್ಟು, ಕಫೀಲನ ಒಪ್ಪಿಗೆ ಇಲ್ಲದೆಯೇ ಬೇರೆ ಕಂಪೆನಿಗೆ ಹೋಗಬಹುದು. ಊರಿಗೆ ಬಂದುಹೋಗುವ ಎಕ್ಸಿಟ್ ರೀಎಂಟ್ರಿಯನ್ನೂ, ಫೈನಲ್ ಎಕ್ಸಿಟನ್ನೂ ಅಬ್ಶಿರ್‌ನಲ್ಲಿ ತಾನೇ ಹಾಕಬಹುದು. ಮೂರು ತಿಂಗಳು ಸತತ ಸಂಬಳ ಕೊಡದಿದ್ದರೆ, ಇಕಾಮ ಮುಗಿದರೂ ನವೀಕರಿಸದಿದ್ದರೆ ಆ ಒಂದು ವರ್ಷವನ್ನೂ ಕಾಯಬೇಕಿಲ್ಲ. ಇದು ಸಣ್ಣ ಬದಲಾವಣೆಯಲ್ಲ. ಕಫೀಲ ಸಹಿ ಹಾಕಲಿಲ್ಲ ಎಂಬ ಕಾರಣಕ್ಕೆ ಬಾಪನ ಮಯ್ಯತ್‌ಗೂ ಬರಲಾಗದವರನ್ನು ಕಂಡ ತಲೆಮಾರು ನಮ್ಮದು.

ಆದರೆ ಅದೇ ನಿಯಮ ಐದು ಬಗೆಯ ಕೆಲಸದವರನ್ನು ಹೊರಗಿಟ್ಟಿತು: ಮನೆಕೆಲಸದವರು, ಮನೆ ಡ್ರೈವರ್, ಕಾವಲುಗಾರ, ತೋಟದ ಕೆಲಸದವನು, ಕುರಿ ಕಾಯುವವನು. ಇವರ ಕಫೀಲ ಕಂಪೆನಿಯಲ್ಲ, ಒಂದು ಮನೆಯ ಯಜಮಾನ. ಇವರಿಗೆ ಕಾರ್ಮಿಕ ಕಾನೂನು ಅನ್ವಯಿಸುವುದಿಲ್ಲ, ಬೇರೆಯದೇ ನಿಯಮಾವಳಿ ಇದೆ. ‘ಸಾಯಿಕ್ ಖಾಸ್’, ಅಂದರೆ ಮನೆ ಡ್ರೈವರ್, ಎಂಬ ಇಕಾಮದಲ್ಲಿ ನಮ್ಮವರು ಎಷ್ಟು ಮಂದಿ ಇದ್ದಾರೆ ಎಂದು ಊರಿನ ಮಸೀದಿ ಕಟ್ಟೆಯಲ್ಲಿ ಕೂತು ಲೆಕ್ಕ ಹಾಕಿದರೂ ಸಾಕು. ಅವರಲ್ಲಿ ಸ್ಟೇರಿಂಗ್ ಹಿಡಿಯದವರೂ ಇದ್ದಾರೆ.

ಏಕೆ ಹೀಗೆ? ಲೆಕ್ಕ ಸರಳ. ಸೌದಿಗಳಿಗಿಂತ ವಿದೇಶಿಯರೇ ಹೆಚ್ಚಿರುವ ಕಂಪೆನಿಗೆ 2020ರಿಂದ ಒಬ್ಬ ಕೆಲಸಗಾರನ ಮೇಲೆ ತಿಂಗಳಿಗೆ 800 ರಿಯಾಲ್ ಲೆವಿ. ವರ್ಷಕ್ಕೆ 9,600. ಇಕಾಮದ 650 ಬೇರೆ. ಮನೆ ಡ್ರೈವರ್ ಇಕಾಮಕ್ಕಾದರೆ ವರ್ಷಕ್ಕೆ 600 ರಿಯಾಲ್‌ನಲ್ಲಿ ಮುಗಿಯಿತು. ಹಾಗಾಗಿ ಯಾವನೋ ಸೌದಿಯ ಮನೆಯ ಹೆಸರಲ್ಲಿ ವೀಸಾ ತೆಗೆದು, ಅವನಿಗೆ ತಿಂಗಳು ತಿಂಗಳು ಇಷ್ಟು ಎಂದು ಕೊಟ್ಟು, ಹೊರಗೆ ಬೇರೆ ಕೆಲಸ ಮಾಡುವುದು. ಇದಕ್ಕೇ ನಮ್ಮವರು ಫ್ರೀ ವೀಸಾ ಎಂದು ಹೆಸರಿಟ್ಟದ್ದು. ಸೌದಿ ಕಾನೂನಿನಲ್ಲಿ ಆ ಹೆಸರಿನ ವೀಸಾವೇ ಇಲ್ಲ. ಅದಕ್ಕೆ ಲಕ್ಷಗಟ್ಟಲೆ ಕೊಟ್ಟು ಹೋಗುವುದರಿಂದ ಅದು ಫ್ರೀ ಕೂಡ ಅಲ್ಲ!

ಕಂಪೆನಿ ಇಕಾಮದವರಲ್ಲೂ ಈ ಏರ್ಪಾಡು ಇದೆ. ಕಾರ್ಮಿಕ ಕಾನೂನಿನ 39ನೇ ಕಲಂ ಪ್ರಕಾರ ಒಬ್ಬನ ವೀಸಾದಲ್ಲಿ ಬಂದವನು ಇನ್ನೊಬ್ಬನಲ್ಲಿ ದುಡಿಯುವಂತಿಲ್ಲ, ಸ್ವಂತಕ್ಕೂ ದುಡಿಯುವಂತಿಲ್ಲ. 40ನೇ ಕಲಂ ಇನ್ನೂ ಸ್ವಾರಸ್ಯದ್ದು. ಇಕಾಮ, ಕೆಲಸದ ಪರವಾನಗಿ, ನವೀಕರಣ, ತಡವಾದರೆ ಬೀಳುವ ದಂಡ, ಕೊನೆಗೆ ಊರಿಗೆ ಮರಳುವ ಟಿಕೆಟ್, ಎಲ್ಲ ಖರ್ಚೂ ಕಫೀಲನದ್ದೇ ಎನ್ನುತ್ತದೆ. ನಮ್ಮ ಹುಡುಗರು ಇವನ್ನೆಲ್ಲ ತಾವೇ ಕಟ್ಟಿ, ಮೇಲಿಂದ ಕಫೀಲನಿಗೂ ಕೊಟ್ಟು, ‘ಒಳ್ಳೇ ಮನುಷ್ಯ, ಏನೂ ತೊಂದರೆ ಕೊಡಲ್ಲ’ ಅಂತಾರೆ. ಸ್ವಂತ ಅಂಗಡಿಯನ್ನು ಸೌದಿಯ ಹೆಸರಲ್ಲಿ ನಡೆಸುವವರ ಅಪಾಯ ಇನ್ನೂ ದೊಡ್ಡದು. ತಸತ್ತುರ್ ವಿರುದ್ಧದ 2020ರ ಕಾನೂನಿನಲ್ಲಿ ಐದು ವರ್ಷದವರೆಗೆ ಜೈಲು, 50 ಲಕ್ಷ ರಿಯಾಲ್‌ವರೆಗೆ ದಂಡ ಇದೆ.

ಈ ಒಳ್ಳೇ ಮನುಷ್ಯ ಒಂದು ದಿನ ಸಿಟ್ಟಾಗಿ, ಅಥವಾ ತನ್ನ ಮೇಲೆ ಬರಬಹುದಾದ ದಂಡಕ್ಕೆ ಹೆದರಿ, ಹುರೂಬ್ ಹಾಕಿದರೆ ಏನು ಮಾಡುವುದು? ಕೆಲಸಕ್ಕೆ ಬರುತ್ತಿಲ್ಲ, ಓಡಿಹೋಗಿದ್ದಾನೆ ಎಂದು ಬರೆದರಾಯಿತು. ಒಪ್ಪಂದದ ಪ್ರಕಾರ ಅಲ್ಲಿಯೇ ದುಡಿಯುತ್ತಿದ್ದವನು ಸಂಬಳ ಬಂದ ದಾಖಲೆ ತೋರಿಸಿ ಇದು ಸುಳ್ಳು ಎಂದು ದೂರಬಹುದು. ಫ್ರೀ ವೀಸಾದವನ ಕೈಯಲ್ಲಿ ಏನಿದೆ? ಅವನು ನಿಜಕ್ಕೂ ಅಲ್ಲಿ ದುಡಿಯುತ್ತಿರಲಿಲ್ಲವಲ್ಲ. ಸಿಕ್ಕಿಬಿದ್ದರೆ ಬೆರಳಚ್ಚು ತೆಗೆದು ಗಡೀಪಾರು, ಮತ್ತೆ ಕೆಲಸಕ್ಕೆ ಹೋಗಲು ನಿರ್ಬಂಧ. 2013ರಲ್ಲಿ ನಿತಾಕತ್ ಬಿಗಿಯಾದಾಗ, 2017ರಲ್ಲಿ ಮತ್ತೊಮ್ಮೆ, ಸೌದಿ ಸರಕಾರ ದಂಡವಿಲ್ಲದೆ ಹೊರಹೋಗಲು ಅವಕಾಶ ಕೊಟ್ಟಿತ್ತು. ಅಂಥ ಮಾಫಿ ಇನ್ನೊಮ್ಮೆ ಬರುತ್ತದೆ ಎಂದು ನಂಬಿ ವರ್ಷಗಟ್ಟಲೆ ಅಡಗಿ ಕೂರುವವರಿದ್ದಾರೆ. ಅದು ಹಕ್ಕಲ್ಲ, ಅವರು ಕೊಟ್ಟರೆ ಉಂಟು.

ಮೂವತ್ತು ವರ್ಷ ಅಲ್ಲೇ ಇದ್ದೆವು, ಮಕ್ಕಳು ಅಲ್ಲೇ ಹುಟ್ಟಿದರು, ಏನಾದರೂ ಹಕ್ಕು ಇರಬೇಕಲ್ಲ ಎಂದು ಹಿರಿಯರು ಕೇಳುತ್ತಾರೆ. ಇಲ್ಲ. ವರ್ಷ ಎಣಿಸಿ ಸಿಗುವ ಹಕ್ಕು ಅಲ್ಲಿಲ್ಲ. 2019ರಲ್ಲಿ ಬಂದ ಪ್ರೀಮಿಯಂ ಇಕಾಮ ಕಫೀಲ ಇಲ್ಲದೆ ಸಿಗುತ್ತದೆ. ಅದು ಕಾಯಂ ಬೇಕಾದರೆ 8 ಲಕ್ಷ ರಿಯಾಲ್. ಹೆಂಡತಿ ಮಕ್ಕಳನ್ನು ಕರೆಸಿಕೊಂಡವರು 2017ರಲ್ಲಿ ತಲೆಗೆ ತಿಂಗಳಿಗೆ 100 ರಿಯಾಲ್ ಕಟ್ಟಲು ಶುರುಮಾಡಿ, 2020ಕ್ಕೆ 400ಕ್ಕೆ ಮುಟ್ಟಿದರು. ಹೆಂಡತಿ, ಇಬ್ಬರು ಮಕ್ಕಳಿದ್ದರೆ ವರ್ಷಕ್ಕೆ 14,400. ನಮ್ಮೂರ ಶಾಲೆಗಳಿಗೆ ಸೌದಿಯಿಂದ ಮಕ್ಕಳು ಮರಳಿ ಬಂದದ್ದಕ್ಕೆ ಬೇರೆ ಕಾರಣ ಹುಡುಕಬೇಕಿಲ್ಲ.

ಸಾಲಕ್ಕೆ ಬಿದ್ದು ಹೋದವನನ್ನು ನಾಳೆಯೇ ವಾಪಸ್ ಬಾ ಎಂದು ಹೇಳುವ ಧೈರ್ಯ ನಮಗಿಲ್ಲ. ಆದರೆ ಈ ವಾರ ಅವನು ಫೋನ್ ಮಾಡಿದಾಗ ನಾಲ್ಕು ಪ್ರಶ್ನೆ ಕೇಳಬಹುದು. ಇಕಾಮದಲ್ಲಿ ಯಾವ ಕೆಲಸ ಬರೆದಿದೆ? ಅದು ಎಂದು ಮುಗಿಯುತ್ತದೆ? ಅಬ್ಶಿರ್ ಇರುವುದು ನಿನ್ನ ನಂಬರಿನಲ್ಲೋ, ರೂಮಿನ ಇನ್ನೊಬ್ಬನ ನಂಬರಿನಲ್ಲೋ? ಪಾಸ್‌ಪೋರ್ಟ್ ಯಾರ ಕೈಯಲ್ಲಿದೆ? ಕೊನೆಯದಕ್ಕೆ ಉತ್ತರ ‘ಕಫೀಲನ ಕೈಯಲ್ಲಿ’ ಎಂದಾದರೆ, ಅದನ್ನು ಇಟ್ಟುಕೊಳ್ಳಲು ಸೌದಿ ಕಾನೂನು ಅವನಿಗೆ ಅವಕಾಶ ಕೊಡುವುದಿಲ್ಲ, ನಮ್ಮ ಪಾಸ್‌ಪೋರ್ಟ್ ಕಾಯ್ದೆಯ ಪ್ರಕಾರ ಅದು ಭಾರತ ಸರಕಾರದ ಸೊತ್ತು. ಇಕಾಮ, ಪಾಸ್‌ಪೋರ್ಟ್, ಒಪ್ಪಂದ ಮೂರರದ್ದೂ ಫೋಟೋ ತೆಗೆದು ಮನೆಗೆ ಕಳಿಸಲು ಹೇಳಿ. ಆಚೆ ಈಚೆ ಆದರೆ ರಿಯಾದ್‌ನ ರಾಯಭಾರ ಕಚೇರಿಯಲ್ಲೋ ಜಿದ್ದಾದ ಕಾನ್ಸುಲೇಟ್‌ನಲ್ಲೋ ಮೊದಲು ಕೇಳುವುದೇ ಆ ನಂಬರುಗಳನ್ನು.